ಮುಳ್ಳು ನಡುವಲ್ಲೇ ನಿಂತಿದ್ದರೂ ನಂಬಬೇಡಿ: ಇನ್‌ಸ್ಟ್ರುಮೆಂಟ್ ಅಪ್ರೋಚ್ ನಡುವೆ ನ್ಯಾವಿಗೇಷನ್ ಏಡ್ ಕೈಕೊಟ್ಟಾಗ

ಮೋಡದೊಳಗೆ ಉಪಕರಣಗಳನ್ನಷ್ಟೇ ನೋಡಿಕೊಂಡು ಇಳಿಯುತ್ತಿದ್ದೀರಿ (ಇದೇ ಇನ್‌ಸ್ಟ್ರುಮೆಂಟ್ ಅಪ್ರೋಚ್), ಇಳಿಜಾರಿನ ದಾರಿ ತೋರಿಸುವ ಗ್ಲೈಡ್ ಸ್ಲೋಪ್ ಮುಳ್ಳಿನ ಪಕ್ಕ ‘ನಂಬಬೇಡ’ ಎನ್ನುವ ಕೆಂಪು ಫ್ಲ್ಯಾಗ್ ಬಿತ್ತು. ಇದಕ್ಕೆ ಗಾಬರಿಯಾಗಬೇಕಿಲ್ಲ. ಉಪಕರಣ ತಾನು ಕೆಟ್ಟಿದ್ದೇನೆಂದು ತಾನೇ ಹೇಳಿಕೊಂಡಿದೆ. ನೀವು ಮಾಡಬೇಕಾದ್ದು ಮೊದಲೇ ಗೊತ್ತುಮಾಡಿಕೊಂಡ ಒಂದು ಕೆಲಸ, ಅಷ್ಟೇ. ಜೀವಕ್ಕೆ ಎರವಾಗುವುದು ಇನ್ನೊಂದು ಬಗೆ: ಫ್ಲ್ಯಾಗ್ ಇಲ್ಲ, ಮುಳ್ಳು ನಟ್ಟನಡುವೆ ನಿಂತಿದೆ, ಆಟೋಪೈಲಟ್ ಅದನ್ನೇ ನಂಬಿ ಇಳಿಸುತ್ತಿದೆ, ಕೆಳಗೆ ಮಾತ್ರ ರನ್‌ವೇ ಇಲ್ಲ.

ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ತಯಾರಾಗುತ್ತಿರುವವರಿಗೆ, ರೇಟಿಂಗ್ ಸಿಕ್ಕಿ ಕೈ ಇನ್ನೂ ಪಳಗದವರಿಗೆ ಈ ಬರಹ. ನಿಮ್ಮ ವಿಮಾನದ ಕೈಪಿಡಿ, ಕಂಪನಿಯ ಎಸ್‌ಒಪಿ (ನಿಗದಿತ ಕಾರ್ಯವಿಧಾನ), ಕೈಯಲ್ಲಿರುವ ಚಾರ್ಟ್ ಇವು ಬೇರೆ ಹೇಳಿದರೆ ಅವುಗಳದ್ದೇ ಕೊನೆಯ ಮಾತು.

ಯಾವುದು ಹೇಗೆ ಕೆಡುತ್ತದೆ

ಐಎಲ್‌ಎಸ್ (ರನ್‌ವೇಯ ನೇರ ತೋರಿಸುವ ಲೋಕಲೈಸರ್, ಇಳಿಜಾರು ತೋರಿಸುವ ಗ್ಲೈಡ್ ಪಾತ್ ಅಥವಾ ಗ್ಲೈಡ್ ಸ್ಲೋಪ್ ಎಂಬ ಎರಡು ರೇಡಿಯೊ ಕಿರಣಗಳ ವ್ಯವಸ್ಥೆ) ಕೆಲಸ ಮಾಡುವುದು 90 ಹರ್ಟ್ಸ್ ಮತ್ತು 150 ಹರ್ಟ್ಸ್ ಎಂಬ ಎರಡು ಸ್ವರಗಳ ಹೋಲಿಕೆಯ ಮೇಲೆ. ರಿಸೀವರ್ ಎರಡನ್ನೂ ಅಳೆಯುತ್ತದೆ. 90 ಹೆಚ್ಚಾದರೆ ಮುಳ್ಳು ಒಂದು ಕಡೆಗೆ, 150 ಹೆಚ್ಚಾದರೆ ಇನ್ನೊಂದು ಕಡೆಗೆ, ಎರಡೂ ಸಮ ಇದ್ದರೆ ನಡುವಿಗೆ. ಎರಡೂ ಸಾಕಷ್ಟು ಬಲದಲ್ಲಿ ಬರುತ್ತಿಲ್ಲ ಎಂದಾದರೆ ಫ್ಲ್ಯಾಗ್ ಬೀಳುತ್ತದೆ. ಇಲ್ಲೇ ಒಂದು ಸಂದು ಉಳಿದುಬಿಡುತ್ತದೆ. ನೆಲದ ಟ್ರಾನ್ಸ್‌ಮಿಟರ್ ಎರಡೂ ಸ್ವರಗಳನ್ನು ಸಮವಾಗಿ ಹೊತ್ತ ಕ್ಯಾರಿಯರ್ ಅನ್ನಷ್ಟೇ ಕಳಿಸಿ, ಮೇಲೆ ಕೆಳಗೆ ಎಂಬ ವ್ಯತ್ಯಾಸ ಹುಟ್ಟಿಸುವ ಸೈಡ್‌ಬ್ಯಾಂಡ್ ಸಿಗ್ನಲ್ ಅನ್ನು ಕಳಿಸದಿದ್ದರೆ ರಿಸೀವರ್‌ಗೆ ಯಾವ ದೋಷವೂ ಕಾಣುವುದಿಲ್ಲ. ವಿಮಾನ ಎಲ್ಲೇ ಇರಲಿ, ಮುಳ್ಳು ನಡುವಲ್ಲಿ.

2000ರ ಜುಲೈ 29ರ ರಾತ್ರಿ ಸಮೋವಾದ ಫಲಿಯೊಲೊ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ಏರ್ ನ್ಯೂಜಿಲೆಂಡ್ 60ರಲ್ಲಿ ಆದದ್ದು ಇದೇ. ಗ್ಲೈಡ್ ಪಾತ್ ಟ್ರಾನ್ಸ್‌ಮಿಟರ್ ಬೈಪಾಸ್ ಸ್ಥಿತಿಯಲ್ಲಿ ಉಳಿದಿತ್ತು, ಅಂದರೆ ತಪ್ಪು ಸಿಗ್ನಲ್ ಕಂಡಕೂಡಲೇ ಅದನ್ನು ಆಫ್ ಮಾಡಬೇಕಿದ್ದ ಮಾನಿಟರ್ ಕೆಲಸಕ್ಕೆ ಬರುತ್ತಿರಲಿಲ್ಲ. ಬೋಯಿಂಗ್ 767ರ ಮೂರೂ ರಿಸೀವರ್‌ಗಳು ಎಲ್ಲ ಸರಿಯಿದೆ ಎಂದೇ ತೋರಿಸಿದವು. ಕಾಕ್‌ಪಿಟ್‌ನಲ್ಲಿದ್ದವರು ದೂರಕ್ಕೂ ಎತ್ತರಕ್ಕೂ ತಾಳೆಯಾಗದ್ದನ್ನು, ಹೊರಗಿನ ದೀಪಗಳು ಇರಬೇಕಾದ ಜಾಗದಲ್ಲಿ ಇಲ್ಲದ್ದನ್ನು ಗಮನಿಸಿ ಗೋ ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡಿದಾಗ ವಿಮಾನ 400 ಅಡಿಗಿಂತ ಕೆಳಗಿತ್ತು, ರನ್‌ವೇ ಇನ್ನೂ ಸುಮಾರು 6 ಮೈಲು (ಈ ಬರಹದಲ್ಲಿ ಮೈಲು ಎಂದರೆ ನಾಟಿಕಲ್ ಮೈಲು) ಮುಂದಿತ್ತು. ಅದರ ‘ಗ್ಲೈಡ್ ಸ್ಲೋಪ್’ ಎಂದು ಕೂಗುವ ಎಚ್ಚರಿಕೆಯೂ ಬಾಯಿಬಿಡಲಿಲ್ಲ. ಅದಕ್ಕೂ ಮಾಹಿತಿ ಬರುವುದು ಅದೇ ರಿಸೀವರ್‌ನಿಂದ. ವಿಚಲನೆ ಸೊನ್ನೆ ಎಂದಿದ್ದರೆ ಅದು ಯಾಕೆ ಕೂಗೀತು?

ಮಾಮೂಲಿಯಾಗಿ ಮಾನಿಟರ್ ಇರುತ್ತದೆ, ಕೆಲಸವನ್ನೂ ಮಾಡುತ್ತದೆ. ಸಿಗ್ನಲ್ ಮಿತಿ ಮೀರಿದರೆ ಕ್ಯಾಟ್ 1 (ಐಎಲ್‌ಎಸ್‌ನ ಸಾಮಾನ್ಯ ದರ್ಜೆ) ಲೋಕಲೈಸರ್ 10 ಸೆಕೆಂಡಿನೊಳಗೆ, ಗ್ಲೈಡ್ ಪಾತ್ 6 ಸೆಕೆಂಡಿನೊಳಗೆ ಬಂದ್ ಆಗಬೇಕು ಅಥವಾ ಸ್ಟ್ಯಾಂಡ್‌ಬೈ ಟ್ರಾನ್ಸ್‌ಮಿಟರ್‌ಗೆ ಬದಲಾಗಬೇಕು ಎಂಬುದು ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮ. ದಟ್ಟ ಮಂಜಿನಲ್ಲೂ ಇಳಿಸುವ ಕ್ಯಾಟ್ 3ರಲ್ಲಿ ಎರಡಕ್ಕೂ 2 ಸೆಕೆಂಡು. ಹಾಗಾಗಿ ಫ್ಲ್ಯಾಗ್ ಒಮ್ಮೆ ಬಿದ್ದು ಕೆಲವು ಸೆಕೆಂಡಿನಲ್ಲಿ ಎದ್ದುಹೋದರೆ ಅದು ಬಹುಶಃ ಈ ಬದಲಾವಣೆಯೇ.

ಮುಳ್ಳು ಒಂದೇ ಸಮ ಅಲ್ಲಾಡುತ್ತಿದ್ದರೆ ಕಾರಣ ಬೇರೆ: ಆಂಟೆನಾದ ಮುಂದೆ ಹಾದುಹೋಗುವ ವಿಮಾನ ಅಥವಾ ವಾಹನ. ಹವಾಮಾನ ಚೆನ್ನಾಗಿರುವಾಗ ಐಎಲ್‌ಎಸ್‌ನ ಸೂಕ್ಷ್ಮ ವಲಯವನ್ನು (ಆಂಟೆನಾ ಸುತ್ತ ಯಾರೂ ಅಡ್ಡಬರಬಾರದ ಜಾಗವನ್ನು) ಯಾರೂ ಕಾಯುವುದಿಲ್ಲ. 2011ರ ನವೆಂಬರ್ 3ರಂದು ಮ್ಯೂನಿಕ್‌ನಲ್ಲಿ ಸಿಂಗಪುರ್ ಏರ್‌ಲೈನ್ಸ್‌ನ 777 ಆಟೋಲ್ಯಾಂಡ್ (ಆಟೋಪೈಲಟ್ ತಾನೇ ನೆಲ ಮುಟ್ಟಿಸುವುದು) ಮಾಡುತ್ತಿದ್ದಾಗ, ಅದೇ ರನ್‌ವೇಯಿಂದ ಮೇಲೇರಿದ ವಿಮಾನವೊಂದು ಲೋಕಲೈಸರ್ ಸಿಗ್ನಲ್ ಕದಡಿ, 777 ರನ್‌ವೇ ಬಿಟ್ಟು ಹುಲ್ಲಿಗಿಳಿಯಿತು. ಕ್ಯಾಟ್ 1 ಹವಾಮಾನದಲ್ಲಿ ಅಭ್ಯಾಸಕ್ಕೆಂದು ಆಟೋಲ್ಯಾಂಡ್ ಮಾಡುವುದಾದರೆ ಟವರ್‌ಗೆ ಮೊದಲೇ ಹೇಳಿ. ಕೈ ಕಂಟ್ರೋಲ್ ಮೇಲೇ ಇರಲಿ.

ಇನ್ನು ಉಳಿದವು. ದಿಕ್ಕು ತೋರಿಸುವ ವಿಓಆರ್‌ಗೆ ಫ್ಲ್ಯಾಗ್ ಇದೆ. ದೂರ ಹೇಳುವ ಡಿಎಂಇ ಸಿಗ್ನಲ್ ಕಳಕೊಂಡರೂ ಕೆಲವು ಸೆಕೆಂಡು ಹಳೆಯ ಲೆಕ್ಕದಲ್ಲೇ ಅಂಕಿ ತೋರಿಸಿ ಆಮೇಲೆ ಗೆರೆಗಳಿಗೆ ಬರುತ್ತದೆ. ಎನ್‌ಡಿಬಿ ಎಂಬ ನೆಲದ ರೇಡಿಯೊ ಸ್ಟೇಷನ್ ಹಿಡಿಯುವ ಎಡಿಎಫ್ ರಿಸೀವರ್‌ನ ಮುಳ್ಳಿಗಂತೂ ಹೆಚ್ಚಿನ ವಿಮಾನಗಳಲ್ಲಿ ಫ್ಲ್ಯಾಗೇ ಇಲ್ಲ. ನೆಲದ ಸ್ಟೇಷನ್ ಸತ್ತರೂ ಅದು ನಿಂತಲ್ಲೇ ನಿಲ್ಲಬಹುದು, ಗುಡುಗು ಮೋಡದ ಕಡೆಗೆ ತಿರುಗಬಹುದು. ಆದ್ದರಿಂದ ಎನ್‌ಡಿಬಿ ಅಪ್ರೋಚ್ ಉದ್ದಕ್ಕೂ ಆ ಸ್ಟೇಷನ್ನಿನ ಮೋರ್ಸ್ ಗುರುತು ಸಣ್ಣ ದನಿಯಲ್ಲಿ ಕಿವಿಗೆ ಬೀಳುತ್ತಲೇ ಇರಬೇಕು. ಗುರುತು ನಿಂತಿತೆಂದರೆ ಅದೇ ಫ್ಲ್ಯಾಗ್.

ಇಳಿಯುವ ಮೊದಲೇ ಮುಗಿಸಬೇಕಾದ ಕೆಲಸ

ಕೆಟ್ಟಮೇಲೆ ಯೋಚಿಸಲು ಸಮಯ ಇರುವುದಿಲ್ಲ. 120 ನಾಟ್‌ನಲ್ಲಿ ನಿಮಿಷಕ್ಕೆ 2 ಮೈಲು ಮುಂದೆ, 640 ಅಡಿ ಕೆಳಗೆ ಹೋಗುತ್ತಿರುತ್ತೀರಿ. ಯೋಚನೆಯನ್ನೆಲ್ಲ ಇಳಿಕೆ ಶುರುವಾಗುವ ಮೊದಲೇ ಮುಗಿಸಬೇಕು.

ನೋಟಮ್ (ಯಾವುದು ಸೇವೆಯಲ್ಲಿಲ್ಲ ಎಂಬಂಥ ಅಧಿಕೃತ ಸೂಚನೆ) ಓದಿದ್ದರೆ ಸಾಲದು, ಅದರ ಪರಿಣಾಮವನ್ನು ಬ್ರೀಫಿಂಗ್‌ನಲ್ಲಿ ಬಾಯಿಬಿಟ್ಟು ಹೇಳಿ. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಕೊರಿಯನ್ ಏರ್ 801ರ ಸಿಬ್ಬಂದಿಗೆ ಗ್ಲೈಡ್ ಸ್ಲೋಪ್ ಸೇವೆಯಲ್ಲಿಲ್ಲ ಎಂಬುದು ಗೊತ್ತಿತ್ತು. ಆದರೂ ಇಳಿಯುವಾಗ ಮುಳ್ಳು ಅಲ್ಲಾಡಿದ್ದು ಕಂಡು, ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಮಾತು ಕಾಕ್‌ಪಿಟ್‌ನಲ್ಲಿ ಎದ್ದಿತು. ಮೇಲಾಗಿ ಅಲ್ಲಿ ದೂರ ಹೇಳುತ್ತಿದ್ದ ಡಿಎಂಇ ಇದ್ದದ್ದು ರನ್‌ವೇಯಲ್ಲಿ ಅಲ್ಲ, ಅದಕ್ಕಿಂತ 3.3 ಮೈಲು ಮೊದಲಿನ ನಿಮಿಟ್ಸ್ ಗುಡ್ಡದ ವಿಓಆರ್‌ನಲ್ಲಿ. 747 ಆ ಗುಡ್ಡಕ್ಕೇ ಬಡಿಯಿತು; 254 ಜನರಲ್ಲಿ 228 ಮಂದಿ ಸತ್ತರು. ಎರಡು ಪಾಠ ನೇರವಾಗಿ ಕೆಲಸಕ್ಕೆ ಬರುತ್ತವೆ. ಸೇವೆಯಲ್ಲಿಲ್ಲ ಎಂದು ಘೋಷಿಸಿದ ಉಪಕರಣದ ಮುಳ್ಳು ಏನೇ ತೋರಿಸಲಿ, ಅದನ್ನು ನೋಡುವುದೂ ಬೇಡ, ಅದರ ಬಗ್ಗೆ ಮಾತೂ ಬೇಡ. ಡಿಎಂಇ ಅಂಕಿ ಎಲ್ಲಿಂದ ಎಣಿಸಿದ್ದು ಎಂಬುದನ್ನು ಚಾರ್ಟ್‌ನಲ್ಲಿ ಬೆರಳಿಟ್ಟು ನೋಡಿ.

ಪ್ರತಿ ಫ್ರೀಕ್ವೆನ್ಸಿಯನ್ನೂ ಟ್ಯೂನ್ ಮಾಡಿ, ಗುರುತು ಕೇಳಿ, ಆಮೇಲೆ ನಂಬಿ. ರಿಪೇರಿ ನಡೆಯುತ್ತಿರುವ ಐಎಲ್‌ಎಸ್ ಸಿಗ್ನಲ್ ಕಳಿಸುತ್ತಲೇ ಇರಬಹುದು, ಆದರೆ ಗುರುತನ್ನು ತೆಗೆದಿರುತ್ತಾರೆ. ಗಾಜಿನ ಪರದೆಯ ವಿಮಾನಗಳಲ್ಲಿ ಮೂರಕ್ಷರ ನಾಲ್ಕಕ್ಷರ ತಾನಾಗಿಯೇ ಮೂಡುತ್ತದೆ, ಅದು ಮೂಡಿದ್ದು ಮೋರ್ಸ್ ಓದಿಯೋ ಡೇಟಾಬೇಸ್ ನೋಡಿಯೋ ಎಂಬುದು ನಿಮ್ಮ ಉಪಕರಣದ ಕೈಪಿಡಿಯಲ್ಲಿದೆ, ನೋಡಿಟ್ಟುಕೊಳ್ಳಿ.

ಎರಡನೆಯ ರೇಡಿಯೊದಲ್ಲಿ ಅದೇ ಐಎಲ್‌ಎಸ್ ಹಾಕುವುದೋ ವಿಓಆರ್ ಹಾಕುವುದೋ ಎಂಬ ಜಗಳ ಪ್ರತಿ ಫ್ಲೈಯಿಂಗ್ ಕ್ಲಬ್‌ನಲ್ಲೂ ಇದೆ. ಒಬ್ಬರೇ ಹಾರಿಸುವಾಗ ನನ್ನ ಓಟು ಮಿಸ್ಡ್ ಅಪ್ರೋಚ್‌ಗೆ (ಇಳಿಯದೆ ಮೇಲೇರಿ ಹೋಗುವ ನಿಗದಿತ ದಾರಿಗೆ) ಬೇಕಾದ ವಿಓಆರ್‌ಗೆ. ಒಂದನೆಯದು ಸತ್ತರೆ ಎರಡನೆಯದರಲ್ಲಿ ಇಳಿಕೆ ಮುಂದುವರಿಸುವ ಆಸೆಯೇ ಹುಟ್ಟಬಾರದು. ಮೇಲೇರುವ ದಾರಿ ಮಾತ್ರ ಸಿದ್ಧವಾಗಿರಬೇಕು. ಇಬ್ಬರು ಪೈಲಟ್‌ಗಳಿರುವ ವಿಮಾನದಲ್ಲಿ ಎರಡರಲ್ಲೂ ಐಎಲ್‌ಎಸ್ ಇರಲಿ, ಹೋಲಿಕೆಗೆ ಸಿಗುತ್ತದೆ.

ಕೊನೆಯದಾಗಿ ಎರಡು ಮಿನಿಮಾ (ರನ್‌ವೇ ಕಾಣದೆ ಇದಕ್ಕಿಂತ ಕೆಳಗಿಳಿಯಬಾರದೆಂಬ ಮಿತಿ) ಬರೆದಿಟ್ಟುಕೊಳ್ಳಿ: ಪೂರ್ಣ ಐಎಲ್‌ಎಸ್‌ನದು, ಗ್ಲೈಡ್ ಪಾತ್ ಇಲ್ಲದ ಲೋಕಲೈಸರ್‌ನದು. ಎತ್ತರ ಮಾತ್ರವಲ್ಲ, ಬೇಕಾದ ದೃಷ್ಟಿಗೋಚರತೆಯನ್ನೂ ಬರೆಯಿರಿ. ಕ್ಯಾಟ್ 1ಕ್ಕೆ ಸಾಮಾನ್ಯವಾಗಿ 200 ಅಡಿ, 550 ಮೀಟರ್ ಆರ್‌ವಿಆರ್ (ರನ್‌ವೇ ಮೇಲೆ ಕಣ್ಣಿಗೆ ಕಾಣುವ ದೂರ). ಲೋಕಲೈಸರ್ ಒಂದೇ ಆದಾಗ ಎತ್ತರ ನೂರಾರು ಅಡಿ ಮೇಲೆ ಹೋಗುತ್ತದೆ, ಮೀಟರ್ ಲೆಕ್ಕ ಎರಡು ಪಟ್ಟೂ ದಾಟಬಹುದು. ಟವರ್ ಹೇಳಿದ ಆರ್‌ವಿಆರ್ 700 ಆಗಿದ್ದರೆ ಗ್ಲೈಡ್ ಪಾತ್ ಕೆಟ್ಟಮೇಲೆ ಮುಂದುವರಿಸುವ ಪ್ರಶ್ನೆಯೇ ಏಳುವುದಿಲ್ಲ, ಅದನ್ನು ಈಗಲೇ ತಿಳಿದಿರುವುದು ಒಳ್ಳೆಯದು. ಅಪ್ರೋಚ್ ದೀಪಗಳು ಕೆಟ್ಟರೂ ಇದೇ ಕಥೆ: ಎತ್ತರ ಬದಲಾಗದೆ ಮೀಟರ್ ಹೆಚ್ಚುತ್ತದೆ.

ದೂರ ಮತ್ತು ಎತ್ತರದ ತಾಳೆ

ಇಡೀ ಬರಹದಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 3 ಡಿಗ್ರಿ ಇಳಿಜಾರಿನಲ್ಲಿ ಪ್ರತಿ ನಾಟಿಕಲ್ ಮೈಲಿಗೆ 318 ಅಡಿ, ಅದರ ಮೇಲೆ ರನ್‌ವೇ ಅಂಚನ್ನು ದಾಟುವ 50 ಅಡಿ. ಅಂಚಿನಿಂದ 6 ಮೈಲಿನಲ್ಲಿ ನೆಲದಿಂದ ಸುಮಾರು 1960 ಅಡಿ, 4 ಮೈಲಿನಲ್ಲಿ 1320, 3 ಮೈಲಿನಲ್ಲಿ 1000, 2 ಮೈಲಿನಲ್ಲಿ 690. ಇದಕ್ಕೆ ರನ್‌ವೇ ಅಂಚಿನ ಎತ್ತರ ಸೇರಿಸಿದರೆ ಆಲ್ಟಿಮೀಟರ್ ತೋರಿಸಬೇಕಾದ ಅಂಕಿ ಬರುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಅಲ್ಲಿ ಕ್ಯೂಎನ್‌ಎಚ್ (ಸಮುದ್ರ ಮಟ್ಟದಿಂದ ಎತ್ತರ ತೋರಿಸುವ ಸೆಟ್ಟಿಂಗ್) ಹಾಕಿದ ಆಲ್ಟಿಮೀಟರ್ 4 ಮೈಲಿನಲ್ಲಿ 4320ರ ಆಸುಪಾಸು ತೋರಿಸಬೇಕು. ಕರಾವಳಿಯ ನಿಲ್ದಾಣಗಳಲ್ಲಿ ಕಲಿತು ಬೆಂಗಳೂರಿಗೆ ಬಂದವರು ಸಾವಿರ ಅಡಿ ಎಂದಾಗ ಆಲ್ಟಿಮೀಟರ್‌ನಲ್ಲಿ 4000 ಹುಡುಕಬೇಕೆಂಬುದನ್ನು ಒತ್ತಡದಲ್ಲಿ ಮರೆಯುವುದುಂಟು. ಚಾರ್ಟ್‌ನಲ್ಲಿ ಈ ತಾಳೆಪಟ್ಟಿ ಅಚ್ಚಾಗಿಯೇ ಇರುತ್ತದೆ, ಅದರ ಅಂಕಿಯೇ ಅಂತಿಮ. ಮನಸ್ಸಿನ ಲೆಕ್ಕ ಅದನ್ನು ಅನುಮಾನದಿಂದ ನೋಡುವುದಕ್ಕೆ.

ಪ್ರತಿ ಮೈಲಿಗೂ ಒಮ್ಮೆ ತಾಳೆ ನೋಡಿ, ಗಟ್ಟಿಯಾಗಿ ಹೇಳಿ: ‘4 ಮೈಲು, 4320 ಇರಬೇಕು, 4350 ಇದೆ.’ ನೂರು ಅಡಿಯೊಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಮುಳ್ಳು ನಡುವಲ್ಲಿದ್ದೂ 300 ಅಡಿ ವ್ಯತ್ಯಾಸ ಬಂದರೆ ಸುಳ್ಳು ಹೇಳುತ್ತಿರುವುದು ಮುಳ್ಳೋ, ಆಲ್ಟಿಮೀಟರ್ ಸೆಟ್ಟಿಂಗೋ, ಡಿಎಂಇಯೋ ಎಂದು ಅಲ್ಲಿ ಕೂತು ವಿಚಾರಣೆ ನಡೆಸಬೇಡಿ. ಮೇಲೇರಿ, ಮೇಲೆ ಹೋಗಿ ವಿಚಾರಿಸಿ.

ಎರಡನೆಯ ತಾಳೆ ಇಳಿಕೆಯ ವೇಗದ್ದು. ಗ್ರೌಂಡ್ ಸ್ಪೀಡನ್ನು 5ರಿಂದ ಗುಣಿಸಿ ಸ್ವಲ್ಪ ಸೇರಿಸಿ: 90 ನಾಟ್‌ಗೆ ನಿಮಿಷಕ್ಕೆ ಸುಮಾರು 480 ಅಡಿ, 120ಕ್ಕೆ 640, 140ಕ್ಕೆ 740. ಮುಳ್ಳನ್ನು ಹಿಡಿದಿಡಲು 1500 ಬೇಕಾಗುತ್ತಿದ್ದರೆ ನೀವು ಹಿಡಿದಿರುವುದು ನಿಜವಾದ ಇಳಿಜಾರಲ್ಲ. 3 ಡಿಗ್ರಿ ಗ್ಲೈಡ್ ಪಾತ್‌ಗೆ ಸುಮಾರು 9 ಡಿಗ್ರಿಯಲ್ಲಿ ಸುಳ್ಳು ಕಿರಣ ಇರುತ್ತದೆ. ಮೇಲಿನಿಂದ ಧಾವಿಸಿ ಬಂದವರು ಅದಕ್ಕೆ ಸಿಕ್ಕಿಬೀಳುತ್ತಾರೆ. 2017ರ ಜನವರಿ 16ರಂದು ಬಿಷ್ಕೆಕ್‌ನಲ್ಲಿ 747 ಸರಕು ವಿಮಾನವೊಂದು ಅಂಥ ಸುಳ್ಳು ಕಿರಣ ಹಿಡಿದು ರನ್‌ವೇ ದಾಟಿ ಹಳ್ಳಿಯ ಮೇಲೆ ಬಿತ್ತು. ಗ್ಲೈಡ್ ಪಾತನ್ನು ಯಾವಾಗಲೂ ಕೆಳಗಿನಿಂದ ಹಿಡಿಯಿರಿ.

ಎಲ್ಲಿದ್ದಾಗ ಕೆಟ್ಟಿತು?

ಉತ್ತರ ನಿರ್ಧಾರವಾಗುವುದು ಯಾವುದು ಕೆಟ್ಟಿತು ಎಂಬುದಕ್ಕಿಂತ ಹೆಚ್ಚಾಗಿ ನೀವು ಎಲ್ಲಿದ್ದೀರಿ ಎಂಬುದರ ಮೇಲೆ.

ಫೈನಲ್ ಅಪ್ರೋಚ್ ಫಿಕ್ಸ್ (ಕೊನೆಯ ಇಳಿಕೆ ಶುರುವಾಗುವ ಬಿಂದು) ತಲುಪುವ ಮೊದಲು: ಎತ್ತರ ಹಿಡಿಯಿರಿ, ಇಳಿಯಬೇಡಿ. ಕೊನೆಯ ಹೆಡಿಂಗ್ ಹಿಡಿದು ಕಂಟ್ರೋಲರ್‌ಗೆ ಹೇಳಿ. ಸಮಯ ಇರುವುದು ಇಲ್ಲಿ ಮಾತ್ರ, ಆದ್ದರಿಂದ ತಪಾಸಣೆಯೂ ಇಲ್ಲೇ: ಫ್ರೀಕ್ವೆನ್ಸಿ ಸರಿಯಿದೆಯೇ, ಸಿಡಿಐ (ದಾರಿಯಿಂದ ಸರಿದದ್ದನ್ನು ತೋರಿಸುವ ಮುಳ್ಳು) ಮೂಲ ಜಿಪಿಎಸ್‌ನಲ್ಲೇ ಉಳಿದಿದೆಯೇ, ಎರಡನೆಯ ರಿಸೀವರ್ ಏನು ಹೇಳುತ್ತದೆ? ಎರಡೂ ಸತ್ತಿದ್ದರೆ ತೊಂದರೆ ನೆಲದಲ್ಲಿ, ಒಂದೇ ಸತ್ತಿದ್ದರೆ ನಿಮ್ಮ ಪೆಟ್ಟಿಗೆಯಲ್ಲಿ. ಅಂದಹಾಗೆ ‘ಐಎಲ್‌ಎಸ್ ಹೋಯಿತು’ ಎಂಬ ದೂರಿಗೆ ಕಾರಣ ಸಿಡಿಐ ಬಟನ್ ಒತ್ತದೆ ಉಳಿದದ್ದೇ ಆಗಿರಬಹುದು.

ಫಿಕ್ಸ್ ದಾಟಿ, ನೆಲದಿಂದ 1000 ಅಡಿಗಿಂತ ಮೇಲೆ: ಇಲ್ಲಿ ಒಂದೇ ಒಂದು ವಿನಾಯಿತಿ ಇದೆ, ಅದನ್ನು ಮುಂದೆ ಹೇಳುತ್ತೇನೆ. ಬಾಕಿ ಎಲ್ಲಕ್ಕೂ ಗೋ ಅರೌಂಡ್.

1000 ಅಡಿಗಿಂತ ಕೆಳಗೆ, ಇನ್ನೂ ಮೋಡದಲ್ಲಿ: ಗೋ ಅರೌಂಡ್. ಸ್ಟ್ಯಾಂಡ್‌ಬೈಗೆ ಬದಲಾಗಬಹುದೇನೋ ಎಂದು ಕಾಯಬೇಡಿ. 10 ಸೆಕೆಂಡು ಕಾದರೆ ನೂರಕ್ಕೂ ಹೆಚ್ಚು ಅಡಿ ಹೋಗಿರುತ್ತದೆ. ಏರಲು ಶುರುಮಾಡಿದ ಮೇಲೆ ಫ್ಲ್ಯಾಗ್ ಎದ್ದರೂ ಮನಸ್ಸು ಬದಲಿಸಬೇಡಿ.

ರನ್‌ವೇ ಅಥವಾ ಅದರ ದೀಪಗಳು ಸ್ಪಷ್ಟವಾಗಿ ಕಂಡಾದ ಮೇಲೆ: ಕಣ್ಣು ಹೊರಗೆ, ಪ್ಯಾಪಿ (ಇಳಿಜಾರು ಸರಿಯೇ ಎಂದು ತೋರಿಸುವ ರನ್‌ವೇ ಪಕ್ಕದ ದೀಪಗಳು) ನೋಡಿ, ವಿಮಾನ ಸ್ಥಿರವಾಗಿದ್ದರೆ ಇಳಿಸಿ. ಆಟೋಪೈಲಟ್ ಇನ್ನೂ ಹಾಕಿದ್ದರೆ ತಕ್ಷಣ ತೆಗೆಯಿರಿ.

ಆ ಒಂದು ವಿನಾಯಿತಿ

ಗ್ಲೈಡ್ ಪಾತ್ ಮಾತ್ರ ಹೋಯಿತು, ಲೋಕಲೈಸರ್ ಗಟ್ಟಿಯಾಗಿದೆ. 1000 ಅಡಿಗಿಂತ ಮೇಲಿದ್ದೀರಿ. ಲೋಕಲೈಸರ್ ಮಿನಿಮಾ ಬ್ರೀಫಿಂಗ್‌ನಲ್ಲಿ ಹೇಳಿಯಾಗಿದೆ, ದೃಷ್ಟಿಗೋಚರತೆ ಅದಕ್ಕೆ ಸಾಕು. ಡಿಎಂಇ ಕೆಲಸ ಮಾಡುತ್ತಿದೆ, ಅಥವಾ ಫಿಕ್ಸ್‌ನಲ್ಲಿ ಟೈಮರ್ ಒತ್ತಿದ್ದೀರಿ. ಕಂಪನಿಯ ನಿಯಮ ಒಪ್ಪುತ್ತದೆ. ಇವೆಲ್ಲಕ್ಕೂ ಹೌದು ಎಂದಾದರೆ ಲೋಕಲೈಸರ್ ಅಪ್ರೋಚ್ ಆಗಿ ಮುಂದುವರಿಸಬಹುದು. ಒಂದಕ್ಕೆ ಇಲ್ಲ ಎಂದರೂ ಮೇಲೇರಿ. ಒಬ್ಬರೇ ಹಾರಿಸುತ್ತಿದ್ದರೆ ಎಲ್ಲಕ್ಕೂ ಹೌದು ಇದ್ದರೂ ಮೇಲೇರಿ, ಹಾಯಾಗಿ ಇನ್ನೊಂದು ಸುತ್ತು ಬಂದು ಮೊದಲಿನಿಂದಲೇ ಲೋಕಲೈಸರ್ ಅಪ್ರೋಚ್ ಆಗಿ ಹಾರಿಸಿ ಎಂಬುದು ನನ್ನ ಸಲಹೆ. ನಡುದಾರಿಯಲ್ಲಿ ಮಿನಿಮಾ ಬದಲಿಸುವುದು ಎರಡು ತಲೆಗಳ ಕೆಲಸ.

ಮುಂದುವರಿಸುವವರು ಮಾಡಬೇಕಾದ್ದು ಈ ಕ್ರಮದಲ್ಲಿ:

1. ‘ಗ್ಲೈಡ್ ಪಾತ್ ಫೇಲ್, ಲೋಕಲೈಸರ್ ಮಿನಿಮಾ’ ಎಂದು ಗಟ್ಟಿಯಾಗಿ ಹೇಳಿ. ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು.
2. ವರ್ಟಿಕಲ್ ಸ್ಪೀಡ್ ಮೋಡ್‌ಗೆ ಬಂದು ಗ್ರೌಂಡ್ ಸ್ಪೀಡ್‌ಗೆ ಹೊಂದುವ ಇಳಿಕೆ ಹಾಕಿ.
3. ಮಿನಿಮಾ ಸೂಚಕವನ್ನು ಹೊಸ ಎತ್ತರಕ್ಕೆ ತಿರುಗಿಸಿ. ಅದು ಎಂಡಿಎ (ರನ್‌ವೇ ಕಾಣದೆ ದಾಟಿ ಕೆಳಗೆ ಹೋಗಲೇಬಾರದ ಕನಿಷ್ಠ ಎತ್ತರ) ಆದರೆ ಅದಕ್ಕೆ 50 ಅಡಿ ಸೇರಿಸಿಕೊಳ್ಳುವುದು ರೂಢಿ, ಯಾಕೆಂದರೆ ಗೋ ಅರೌಂಡ್ ಶುರುಮಾಡಿದ ಮೇಲೂ ವಿಮಾನ ಒಂದಿಷ್ಟು ತಗ್ಗುತ್ತದೆ, ಎಂಡಿಎ ಕೆಳಗೆ ತಗ್ಗುವಂತಿಲ್ಲ.
4. ಪ್ರತಿ ಮೈಲಿಗೂ ಎತ್ತರದ ತಾಳೆ. ಸ್ಟೆಪ್‌ಡೌನ್ ಫಿಕ್ಸ್ (ಹಂತಹಂತವಾಗಿ ಇಳಿಯಲು ಚಾರ್ಟ್ ಕೊಟ್ಟ ಬಿಂದು) ಇದ್ದರೆ ಅದನ್ನು ದಾಟುವ ತನಕ ಅದರ ಎತ್ತರಕ್ಕಿಂತ ಕೆಳಗೆ ಹೋಗಬೇಡಿ.

ಟೈಮರ್ ಒಂದನ್ನೇ ನಂಬಿ ಇಳಿಯುವವರು ಗಾಳಿಯ ಲೆಕ್ಕ ಮರೆಯುತ್ತಾರೆ. ಫಿಕ್ಸ್‌ನಿಂದ ಮಿಸ್ಡ್ ಅಪ್ರೋಚ್ ಪಾಯಿಂಟ್‌ಗೆ 5 ಮೈಲು ಎಂದಿಟ್ಟುಕೊಳ್ಳಿ. 90 ನಾಟ್‌ಗೆ 3 ನಿಮಿಷ 20 ಸೆಕೆಂಡು. ಹಿಂದಿನಿಂದ 15 ನಾಟ್ ಗಾಳಿ ಇದ್ದು ನೀವು 90ರ ಸಮಯವನ್ನೇ ಹಿಡಿದರೆ, ಟೈಮರ್ ಮುಗಿಯುವಾಗ ಪಾಯಿಂಟ್ ದಾಟಿ ಮುಕ್ಕಾಲು ಮೈಲಿಗಿಂತ ಮುಂದೆ ಹೋಗಿರುತ್ತೀರಿ. ಎತ್ತರದ ನಿಲ್ದಾಣಗಳಲ್ಲಿ ಗಾಳಿಯಿಲ್ಲದಿದ್ದರೂ ಈ ತಪ್ಪು ಇದೆ: ಪ್ರತಿ ಸಾವಿರ ಅಡಿಗೆ ನಿಜವಾದ ವೇಗ ಸುಮಾರು 2 ಪ್ರತಿಶತ ಹೆಚ್ಚು. ಬೆಂಗಳೂರಿನ ಬಿಸಿ ಮಧ್ಯಾಹ್ನ ಸ್ಪೀಡ್ ಮೀಟರ್‌ನ 90 ನೆಲದ ಮೇಲೆ 96, 97 ಆಗುತ್ತದೆ.

ಜಿಪಿಎಸ್ ಅಪ್ರೋಚ್‌ನ ಎರಡು ಮೋಸ

ಆರ್‌ಎನ್‌ಪಿ, ಅಂದರೆ ಜಿಪಿಎಸ್ ಆಧರಿಸಿದ ಅಪ್ರೋಚ್‌ನಲ್ಲಿ ಕೆಡುವ ಬಗೆಗಳು ಬೇರೆ. ನೇರವಾದದ್ದು ನಿಖರತೆ ಕುಸಿಯುವುದು: ರೈಮ್ (ರಿಸೀವರ್ ಜಿಪಿಎಸ್ ಸಿಗ್ನಲ್ ಅನ್ನು ತಾನೇ ತಪಾಸಿಸುವ ವ್ಯವಸ್ಥೆ) ಎಚ್ಚರಿಕೆ, ‘ಎಲ್‌ಒಐ’ (ಸಿಗ್ನಲ್ ನಂಬುವಂತಿಲ್ಲ ಎಂಬ ಸೂಚನೆ) ಅಥವಾ ಎಲ್‌ಪಿವಿ (ಲಂಬ ಮಾರ್ಗದರ್ಶನವೂ ಇರುವುದು) ಎಂದಿದ್ದದ್ದು ಎಲ್‌ನ್ಯಾವ್ (ಅಡ್ಡ ಮಾರ್ಗದರ್ಶನ ಮಾತ್ರ) ಎಂದಾಗುವುದು. ಭಾರತದಲ್ಲಿ ಗಗನ್ (ಜಿಪಿಎಸ್ ನಿಖರತೆ ಹೆಚ್ಚಿಸುವ ಭಾರತದ ಉಪಗ್ರಹ ವ್ಯವಸ್ಥೆ) ಬಳಸಿದ ಮೊದಲ ಎಲ್‌ಪಿವಿ ಅಪ್ರೋಚನ್ನು 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ 72 ಮಾಡಿತು. ಗಗನ್ ಸಿಗ್ನಲ್ ತಪ್ಪಿದರೆ ಲಂಬ ಮಾರ್ಗದರ್ಶನ ಮಾಯವಾಗಿ ಅಡ್ಡ ಮಾರ್ಗದರ್ಶನ ಉಳಿಯಬಹುದು. ಫಿಕ್ಸ್‌ಗೆ ಮೊದಲು ಹೀಗಾದರೆ ಎಲ್‌ನ್ಯಾವ್ ಮಿನಿಮಾಗೆ ಬ್ರೀಫಿಂಗ್ ಬದಲಿಸಿ ಮುಂದುವರಿಸಬಹುದು. ದಾಟಿದ ಮೇಲಾದರೆ ಗೋ ಅರೌಂಡ್.

ಎರಡನೆಯದು ಸ್ಪೂಫಿಂಗ್: ಹೊರಗಿನ ಯಾರೋ ಕಳಿಸಿದ ಸುಳ್ಳು ಸಿಗ್ನಲ್ ಅನ್ನು ರಿಸೀವರ್ ನಿಜವೆಂದು ನುಂಗುವುದು. ಫಲಿಯೊಲೊದ ಮುಳ್ಳಿನ ಹಾಗೆಯೇ ಇಲ್ಲೂ ಫ್ಲ್ಯಾಗ್ ಬೀಳದಿರಬಹುದು. 2025ರ ಕೊನೆಯಲ್ಲಿ ದೆಹಲಿಯ ರನ್‌ವೇ 10ಕ್ಕೆ ಜಿಪಿಎಸ್ ಆಧರಿಸಿ ಇಳಿಯುತ್ತಿದ್ದ ಕೆಲವು ವಿಮಾನಗಳು ಇದನ್ನು ವರದಿ ಮಾಡಿದವು. ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ನ್ಯಾವಿಗೇಷನ್) ಅಡಚಣೆಯ ವರದಿ ಬಂದ ನಿಲ್ದಾಣಗಳಲ್ಲಿ ಬೆಂಗಳೂರೂ ಇದೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಲಕ್ಷಣಗಳು ಇವು: ವಿಮಾನದ ಗಡಿಯಾರ ಜಿಗಿಯುತ್ತದೆ, ಗ್ರೌಂಡ್ ಸ್ಪೀಡ್ ಮತ್ತು ಗಾಳಿಯ ಅಂಕಿಗಳು ಅಸಂಬದ್ಧವಾಗುತ್ತವೆ, ನಕ್ಷೆ ಪಕ್ಕಕ್ಕೆ ಸರಿಯುತ್ತದೆ, ವಿಓಆರ್ ಡಿಎಂಇ ಹೇಳುವ ಜಾಗಕ್ಕೂ ಪರದೆಯ ಜಾಗಕ್ಕೂ ತಾಳೆಯಾಗುವುದಿಲ್ಲ, ಬಯಲಿನ ಮೇಲೆ ನೆಲದ ಎಚ್ಚರಿಕೆ ಕೂಗುತ್ತದೆ. ಒಂದು ಕಂಡರೂ ಆರ್‌ಎನ್‌ಪಿ ಅಪ್ರೋಚ್ ಬಿಡಿ, ಐಎಲ್‌ಎಸ್ ಕೇಳಿ. ನೆಲದ ಎಚ್ಚರಿಕೆ ಸುಳ್ಳಿರಬಹುದು ಎಂಬ ಅನುಮಾನ ಮೋಡದಲ್ಲೋ ರಾತ್ರಿಯಲ್ಲೋ ಇದ್ದಾಗ ಲೆಕ್ಕಕ್ಕಿಲ್ಲ, ಕೂಗಿದರೆ ಏರಿ.

ಬಹಳ ಮಂದಿ ಗಮನಿಸದ ಸಂಗತಿ: ಆರ್‌ಎನ್‌ಪಿಯಲ್ಲಿ ಮಿಸ್ಡ್ ಅಪ್ರೋಚ್‌ನ ದಾರಿಯನ್ನು ತೋರಿಸುವುದೂ ಅದೇ ಜಿಪಿಎಸ್. ಇಳಿಸುವವನು ಕೈಕೊಟ್ಟರೆ ಮೇಲೆ ಕರೆದೊಯ್ಯುವವನೂ ಇಲ್ಲ. ಆದ್ದರಿಂದ ಆರ್‌ಎನ್‌ಪಿ ಬ್ರೀಫಿಂಗ್‌ನಲ್ಲಿ ಒಂದು ಸಾಲು ಹೆಚ್ಚಿರಲಿ: ‘ಜಿಪಿಎಸ್ ಹೋದರೆ ಈ ಹೆಡಿಂಗ್, ಈ ಎತ್ತರ, ಈ ವಿಓಆರ್, ರೇಡಾರ್ ವೆಕ್ಟರ್ ಕೇಳುವುದು.’ ಸುತ್ತಲೂ ಗುಡ್ಡವಿರುವ ನಿಲ್ದಾಣದಲ್ಲಿ ಆ ಸಾಲು ಬರೆಯಲು ಆಗದಿದ್ದರೆ ಆ ಹವಾಮಾನದಲ್ಲಿ ಆ ಅಪ್ರೋಚ್ ಬೇಡ.

ಮೇಲೇರುವ ಕೈಕೆಲಸ

ಪವರ್, ಮೂತಿ, ಆಮೇಲೆ ಉಳಿದದ್ದು. ಸೆಸ್ನಾ 172ರಂಥ ವಿಮಾನದಲ್ಲಿ ಪೂರ್ಣ ಥ್ರಾಟಲ್, ಏರುವ ಆಟಿಟ್ಯೂಡ್, ಬಲಗಾಲಿನ ರಡ್ಡರ್, ಫ್ಲ್ಯಾಪ್ ಹಂತಹಂತವಾಗಿ. ಆಲ್ಟಿಮೀಟರ್ ಮತ್ತು ವರ್ಟಿಕಲ್ ಸ್ಪೀಡ್ ಎರಡೂ ಏರಿಕೆ ತೋರಿಸಿದ ಮೇಲೆಯೇ ರೇಡಿಯೊ. ಮೋಡದಲ್ಲಿ ಜೋರಾಗಿ ಪವರ್ ಕೊಟ್ಟಾಗ ಮೂತಿ ವಿಪರೀತ ಮೇಲೆದ್ದಂತೆ ಒಳಗಿವಿ ಸುಳ್ಳು ಹೇಳುತ್ತದೆ, ಕೈ ತಾನಾಗಿ ಯೋಕ್ ಮುಂದಕ್ಕೆ ಒತ್ತುತ್ತದೆ. ಆ ಹೊತ್ತಿನಲ್ಲಿ ಮೈಗೆ ಅನ್ನಿಸಿದ್ದನ್ನಲ್ಲ, ಆಟಿಟ್ಯೂಡ್ ಇಂಡಿಕೇಟರ್ (ಮೂತಿ ಎಷ್ಟು ಮೇಲಿದೆ ಎಂದು ತೋರಿಸುವ ಉಪಕರಣ) ಹೇಳಿದ್ದನ್ನು ನಂಬಿ.

ಲೋಕಲೈಸರ್ ಹೋಗಿದ್ದರೆ ಅಷ್ಟೂ ಹೊತ್ತು ಗಾಳಿಗೆ ಸರಿಹೊಂದಿಸಿದ್ದ ಅದೇ ಹೆಡಿಂಗ್ ಹಿಡಿದು ನೇರ ಏರಿ. ಚಾರ್ಟ್‌ನ ತಿರುವನ್ನು ಮಿಸ್ಡ್ ಅಪ್ರೋಚ್ ಪಾಯಿಂಟ್‌ಗೆ ಮೊದಲು ತೆಗೆದುಕೊಳ್ಳಬೇಡಿ: ಏರುವುದನ್ನು ಬೇಗ ಶುರುಮಾಡಬಹುದು, ತಿರುಗುವುದನ್ನಲ್ಲ. ಅಡೆತಡೆಗಳ ಲೆಕ್ಕ ಹಾಕಿರುವುದು ಆ ಪಾಯಿಂಟ್‌ನಿಂದ ಮುಂದಕ್ಕೆ. ಚಾರ್ಟ್ ಬೇರೇನೂ ಹೇಳದಿದ್ದರೆ ಏರಿಕೆ ಕನಿಷ್ಠ 2.5 ಪ್ರತಿಶತ, ಮೈಲಿಗೆ 152 ಅಡಿ. 90 ನಾಟ್‌ಗೆ ನಿಮಿಷಕ್ಕೆ 230 ಅಡಿಯಷ್ಟೇ. ಚಿಕ್ಕ ಅಂಕಿ ಎನ್ನಿಸುತ್ತದೆ, ನಾಲ್ಕು ಜನ ಕೂತ 172ಗೆ ಏಪ್ರಿಲ್ ಮಧ್ಯಾಹ್ನ ಅದು ಅಷ್ಟು ಚಿಕ್ಕದಲ್ಲ.

ಆಟೋಪೈಲಟ್ ಬಗ್ಗೆ ಎಚ್ಚರ. ಸಿಗ್ನಲ್ ಹೋದಾಗ ಹೆಚ್ಚಿನವು ಮೋಡ್ ಹೆಸರನ್ನು ಮಿನುಗಿಸಿ, ಸದ್ಯದ ಪಿಚ್ಚನ್ನೋ ಇಳಿಕೆಯನ್ನೋ ಹಿಡಿದು ಹಾಗೇ ಮುಂದುವರಿಯುತ್ತವೆ, ಅಂದರೆ ಇಳಿಯುತ್ತಲೇ ಇರುತ್ತವೆ. ಕೆಲವು ಹಗುರ ವಿಮಾನಗಳಲ್ಲಿ ಗೋ ಅರೌಂಡ್ ಬಟನ್ ಒತ್ತಿದರೆ ಆಟೋಪೈಲಟ್ ಕಳಚಿಕೊಳ್ಳುತ್ತದೆ, ಫ್ಲೈಟ್ ಡೈರೆಕ್ಟರ್ (ಹೇಗೆ ಹಾರಿಸಬೇಕೆಂದು ತೋರಿಸುವ ಸೂಚಕ) ಮಾತ್ರ ಉಳಿಯುತ್ತದೆ. ನಿಮ್ಮದು ಯಾವ ಜಾತಿ ಎಂಬುದನ್ನು ನೆಲದಲ್ಲಿರುವಾಗಲೇ ತಿಳಿದುಕೊಳ್ಳಿ. ಏರಲು ಶುರುವಾದ ಮೇಲೆ ಸಿಡಿಐ ಮೂಲವನ್ನು ಸತ್ತ ಲೋಕಲೈಸರ್‌ನಿಂದ ಜಿಪಿಎಸ್‌ಗೋ ವಿಓಆರ್‌ಗೋ ಬದಲಿಸಿ.

ರೇಡಿಯೊ ಮಾತು ಚಿಕ್ಕದಿರಲಿ: ‘ಬೆಂಗಳೂರು ಟವರ್, ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೊ ಚಾರ್ಲಿ, ಗೋಯಿಂಗ್ ಅರೌಂಡ್, ಲೋಕಲೈಸರ್ ಫೇಲ್ಯೂರ್.’ ವಿವರಣೆ ಆಮೇಲೆ. ಅವರು ಹೊಸ ಹೆಡಿಂಗ್ ಕೊಡಬಹುದು. ಸುರಕ್ಷಿತ ಎತ್ತರ ತಲುಪುವ ತನಕ ಕೆಲಸ ಹೆಚ್ಚಾದರೆ ‘ಸ್ಟ್ಯಾಂಡ್‌ಬೈ’ ಎನ್ನುವ ಹಕ್ಕು ನಿಮಗಿದೆ.

ಆಮೇಲೆ

ಸುರಕ್ಷಿತ ಎತ್ತರದಲ್ಲಿ ಮೊದಲು ನೋಡಬೇಕಾದ್ದು ಇಂಧನ. ಆಲ್ಟರ್ನೇಟ್‌ಗೆ (ಬದಲಿ ನಿಲ್ದಾಣಕ್ಕೆ) ಬೇಕಾದ್ದು ಮತ್ತು 30 ಅಥವಾ 45 ನಿಮಿಷದ ಅಂತಿಮ ಮೀಸಲು ಕಳೆದರೆ ಉಳಿದದ್ದೇ ನಿಮ್ಮ ಕೈಯಲ್ಲಿರುವ ಸಮಯ. ಇನ್ನೊಂದು ಸುತ್ತಿಗೆ 12ರಿಂದ 15 ನಿಮಿಷ ಹಿಡಿಯಿರಿ. ಸಾಲದಿದ್ದರೆ ಎರಡನೆಯ ಪ್ರಯತ್ನ ಬೇಡ, ಈಗಲೇ ಹೊರಡಿ. ಬೇರೆಲ್ಲೂ ಹೋಗಲಾಗದೆ, ತಡವಾದರೆ ಮೀಸಲಿಗೆ ಕೈಹಾಕಬೇಕಾಗುತ್ತದೆ ಎಂದಾದರೆ ‘ಮಿನಿಮಮ್ ಫ್ಯೂಯೆಲ್’ ಎಂದು ಹೇಳಿ. ಮೀಸಲಿಗಿಂತ ಕಡಿಮೆಯಲ್ಲಿ ಇಳಿಯುವುದು ಖಚಿತವಾದರೆ ‘ಮೇಡೇ ಫ್ಯೂಯೆಲ್.’

ಆಲ್ಟರ್ನೇಟ್ ಆರಿಸುವಾಗ ಅದೇ ಕಾಯಿಲೆ ಅಲ್ಲಿಗೂ ಬರದಂತೆ ನೋಡಿ. ಜಿಪಿಎಸ್ ಕೆಟ್ಟು ಹೊರಟವರು ಆರ್‌ಎನ್‌ಪಿ ಮಾತ್ರ ಇರುವ ನಿಲ್ದಾಣಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ನಿಮ್ಮ ಪೆಟ್ಟಿಗೆಯ ಗ್ಲೈಡ್ ಸ್ಲೋಪ್ ರಿಸೀವರ್ರೇ ಸತ್ತಿದ್ದರೆ ಎಲ್ಲ ಐಎಲ್‌ಎಸ್‌ಗಳೂ ನಿಮಗೆ ಲೋಕಲೈಸರ್ ಅಪ್ರೋಚ್‌ಗಳೇ, ಹವಾಮಾನವನ್ನು ಆ ಮಿನಿಮಾಗೆ ಹೋಲಿಸಿ ನೋಡಿ.

ಇಳಿದ ಮೇಲೆ ಟೆಕ್ ಲಾಗ್‌ನಲ್ಲಿ ‘ಐಎಲ್‌ಎಸ್ ಸರಿಯಿಲ್ಲ’ ಎಂದು ಗೀಚಿ ಹೋಗಬೇಡಿ. ಎಂಜಿನಿಯರ್‌ಗೂ ನೆಲದ ಸಿಎನ್‌ಎಸ್ (ಸಂಪರ್ಕ, ನ್ಯಾವಿಗೇಷನ್ ಉಪಕರಣ ನೋಡಿಕೊಳ್ಳುವ) ಸಿಬ್ಬಂದಿಗೂ ಬೇಕಾದ್ದು: ಯುಟಿಸಿ ಸಮಯ, ರನ್‌ವೇ, ಡಿಎಂಇ ದೂರ, ಎತ್ತರ, ಫ್ಲ್ಯಾಗ್ ಬಿತ್ತೋ ಇಲ್ಲವೋ, ಎಷ್ಟು ಸೆಕೆಂಡು, ಎರಡನೆಯ ರಿಸೀವರ್ ಏನು ತೋರಿಸಿತು, ಗುರುತು ಕೇಳುತ್ತಿತ್ತೇ, ಆಟೋಪೈಲಟ್ ಹಾಕಿತ್ತೇ. ಫ್ಲ್ಯಾಗ್ ಇಲ್ಲದೆ ತಪ್ಪು ತೋರಿಸಿದ್ದರೆ ಇಳಿಯುವವರೆಗೂ ಕಾಯದೆ ಗಾಳಿಯಿಂದಲೇ ಟವರ್‌ಗೆ ಹೇಳಿ. ನಿಮ್ಮ ಹಿಂದೆ 5 ಮೈಲಿನಲ್ಲಿ ಇನ್ನೊಬ್ಬರು ಅದೇ ಮುಳ್ಳನ್ನು ನೋಡುತ್ತ ಇಳಿಯುತ್ತಿರುತ್ತಾರೆ.